ಮುಂದಿನ ಸಾಲಿನ ಮೀನು

ಬೆಳ್ಳಿ ಗಾಳ ಇರಲಿಲ್ಲ.

ದಂತವೈದ್ಯೆ ಕಂಪ್ಯೂಟರ್ ಆರಿಸಿ, ಮತ್ತೆ ಹಾಕಿ ನೋಡಿದಳು. ಇಲ್ಲ. ಆನ್‌ಲೈನ್ ಆಟದ ಆ ಗಾಳಕ್ಕಾಗಿ ಅವಳೂ ತಂಗಿಯೂ ಬೇರೆ ಬೇರೆ ಊರಲ್ಲಿ ಕೂತು, ಒಂದೇ ಕೆರೆಯಲ್ಲಿ ತಿಂಗಳುಗಟ್ಟಲೆ ಮೀನು ಹಿಡಿದಿದ್ದರು. ಅವಳ ಖಾತೆಯ ಪಾಸ್‌ವರ್ಡ್ ಗೊತ್ತಿದ್ದದ್ದು ಅವಳನ್ನು ಬಿಟ್ಟರೆ ತಂಗಿಗೆ ಮಾತ್ರ. "ನೀನೇ ತಗೊಂಡ್ಯಾ?" ಎಂದು ಫೋನಿನಲ್ಲಿ ಕೇಳಿಯೂ ಬಿಟ್ಟಳು. ತಂಗಿ ಫೋನ್ ಇಟ್ಟಳು. ಮತ್ತೆ ಎತ್ತಲಿಲ್ಲ.

ಮಧ್ಯಾಹ್ನ ಚಿಕ್ಕಪ್ಪ ಬಂದರು — ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುತ್ತಿದ್ದವರು, ಈಗ ನಿವೃತ್ತರು.

"ಗಾಳ ಹೋದ್ರೆ ಹೋಗ್ಲಿ ಚಿಕ್ಕಪ್ಪ. ಅವಳು ಮಾತು ಬಿಟ್ಟಿದ್ದಾಳೆ."

"ತಿಂಗಳು ತಿಂಗಳು ದುಡ್ಡು ಕಟ್ಟಿ ಅದೇ ಕೆರೆ, ಅದೇ ಮೀನು. ದಂಡ," ಎಂದ ಅವಳ ಗಂಡ, ಪೇಪರಿನಿಂದ ತಲೆ ಎತ್ತದೆ. ಔಷಧ ಅಂಗಡಿ ಅವನದು.

ಚಿಕ್ಕಪ್ಪ ಚಹಾಕ್ಕೆಂದು ಫ್ರಿಜ್ ತೆರೆದರು.

"ಮುಂದಿರೋ ಹಾಲಿನ ಪ್ಯಾಕೆಟ್ಟೇ ತಗೊಳ್ಳಿ," ಎಂದಳು ದಂತವೈದ್ಯೆ. " ಹಿಂದಿಂದು ಮುಟ್ಟಿದ್ರೆ ಇವ್ರು ದೊಡ್ಡ ರಂಪ ಮಾಡ್ತಾರೆ."

ಹಾಲು ಕಾಯಿತು. ಚಿಕ್ಕಪ್ಪನ ಪ್ರಶ್ನೆ ಶುರುವಾಯಿತು.

"ಈ ಕಂಪ್ಯೂಟರಲ್ಲಿ ಪ್ರತಿ ಸಲ ಪಾಸ್‌ವರ್ಡ್ ಹಾಕ್ಬೇಕಾ?"

"ಇದ್ರಲ್ಲಿ... ಬೇಡ."

"ಗಾಳ ಹೇಗೆಲ್ಲ ಹೋಗ್ಬಹುದು?"

"ಯಾರಿಗಾದ್ರೂ ಕೊಡ್ಬಹುದು. ಇಲ್ಲಾ ಸವೆದು ಮುರೀಬಹುದು. ಸಾಣೆ ಹಿಡಿಸ್ತಾ ಇದ್ರೆ ಮುರಿಯಲ್ಲ. ನಾವಿಬ್ರೂ ಅದನ್ನ ತಪ್ಪಿಸೋರಲ್ಲ."

"ಮೀನಿನ ಬುಟ್ಟಿ ತೋರ್ಸು."

ಬುಟ್ಟಿ ತುಂಬಿತ್ತು. ಪ್ರತಿ ಮೀನಿನ ಕೆಳಗೆ, ಕೆಡಲು ಇನ್ನೆಷ್ಟು ದಿನ ಎಂಬ ಗುರುತು.

"ಇಷ್ಟೊಂದು ನಾನು ಹಿಡಿದೇ ಇಲ್ಲ..."

"ಜೋಡಿಸಿದ್ದು?"

"ನಾನು ಬಣ್ಣ ನೋಡಿ ಇಡ್ತೀನಿ."

"ತಂಗಿ?"

"ಅವಳಾ? ಅವಳ ಬೀರು ನೋಡಿದ್ದೀರಲ್ಲ, ಎಲ್ಲಾ ಚೆಲ್ಲಾಪಿಲ್ಲಿ."

ಚಿಕ್ಕಪ್ಪ ಲೋಟ ಕೆಳಗಿಟ್ಟರು. "ಅಳಿಯಂದಿರೇ, ಯಾವಾಗಿಂದ?"

ಪೇಪರ್ ಕೆಳಗಿಳಿಯಿತು.

"ಕಳ್ಳ ಮೀನು ಹಿಡಿದು ಇಟ್ಟು ಹೋಗಲ್ಲ," ಎಂದರು ಚಿಕ್ಕಪ್ಪ. "ಎಲ್ಲರೂ ಹೋದ ಗಾಳ ನೋಡಿದ್ರಿ, ಬಂದ ಮೀನು ನೋಡ್ಲಿಲ್ಲ. ಬೇಗ ಕೆಡೋದು ಮುಂದಿನ ಸಾಲಲ್ಲಿ, ತಾಜಾ ಹಿಂದೆ. ಔಷಧ ಅಂಗಡಿ ಕಪಾಟು ಹಾಗೇ. ಈ ಮನೆ ಫ್ರಿಜ್ಜೂ ಹಾಗೇ."

"ಮುರಿದುಹೋಯ್ತು," ಎಂದ ಗಂಡ. "ಸಾಣೆ ವಿಷಯ ಗೊತ್ತಿರ್ಲಿಲ್ಲ. ಹೇಳೋಷ್ಟ್ರಲ್ಲಿ ನೀನು ಅವಳಿಗೆ ಫೋನ್ ಮಾಡಿ ಆಗಿತ್ತು."

"ದಂಡ ಅಂತಿದ್ರಲ್ಲ?"

"ಎಷ್ಟು ದಂಡ ಅಂತ ನೋಡೋಕೇ ಕೂತೆ. ಸಿನಿಮಾ ಟಿಕೆಟ್ ದುಡ್ಡಿಗೆ ಸಿನಿಮಾ ಒಂದು ಸಂಜೆಗೆ ಮುಗಿಯುತ್ತೆ. ಇದು ತಿಂಗಳಿಡೀ. ಅದೇ ಮೀನು, ನಿಜ — ಆದ್ರೂ ದಾರ ಅಲ್ಲಾಡಿದಾಗೆಲ್ಲ ಎದೆ ಧಸಕ್ ಅನ್ನುತ್ತೆ. ಆಮೇಲೆ ಆಟದ ಕೆರೆಗೆ ನಿನ್ನ ತಂಗಿ ಬರ್ತಿದ್ಲು. ನೀನೇ ಅಂದ್ಕೊಂಡು, ಮನೇದೆಲ್ಲ ಬರೆದು ಹೇಳ್ತಿದ್ಲು. ನಾನು 'ಹೂಂ' ಅಂತ ಬರೀತಿದ್ದೆ. ಈ ದುಡ್ಡಿಗೆ ಇಷ್ಟೆಲ್ಲ ಬೇರೆಲ್ಲಿ ಸಿಗುತ್ತೆ?"

ಅವನೇ ಫೋನ್ ಮಾಡಿದ. ಭಾವನ ಫೋನಾದ್ದರಿಂದ ತಂಗಿ ಎತ್ತಿದಳು.

"ಗಾಳ ಮುರಿದದ್ದು ನಾನಮ್ಮ. 'ಹೂಂ' ಅಂತಿದ್ದದ್ದೂ ನಾನೇ."

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಬರೀ 'ಹೂಂ' ನೋಡಿ, ಅಕ್ಕನಿಗೆ ನಾನು ಬೇಜಾರಾಗಿದ್ದೀನೇನೋ ಅಂದ್ಕೊಂಡಿದ್ದೆ ಭಾವ. ಮೀನು ಬೇರೆ ತಪ್ಪಿಸ್ಕೊಳ್ತಾನೇ ಇತ್ತು. ದಾರ ಬೇಗ ಎಳೀತೀರಿ ನೀವು."

ದಂತವೈದ್ಯೆ ಕೈ ಚಾಚಿದಳು. ಅವನು ಫೋನ್ ಕೊಡುವ ಮುಂಚೆ ತಂಗಿಯ ಧ್ವನಿ ಕೇಳಿಸಿತು: "ಇನ್ನೊಂದು ಗಾಳಕ್ಕೆ ಈ ಸಲ ಮೂರೂ ಜನ ಕೂರೋಣ. ಸರಿನಾ?"

"ಹೂಂ," ಎಂದ ಅವನು.