ಲೇಬಲ್ ಮೇಡಂ ಹೇಳಿದ ಸುಳ್ಳು

"ನಿಮ್ಮ ಹಳೇ ಪ್ರೋಗ್ರಾಮ್ ಸ್ವಲ್ಪ ತೋರಿಸ್ತೀರಾ?"

ಅವಳು ತಲೆಯೆತ್ತಿದಳು. ಎದುರಿಗೆ ಹೊಸ ಮುಖ. ತೋಳು ಮಡಚಿದ ಅಂಗಿ, ಕೈಯಲ್ಲಿ ಟೀ ಲೋಟ, ತುಟಿಯ ಮೇಲೆ ಯಾರೂ ಕೇಳದ ನಗು.

"ಯಾಕೆ? ಹೂಳೋಕೆ ಗುಂಡಿ ತೋಡಿ ಆಯ್ತಾ?"

ನಗು ಅಲ್ಲೇ ನಿಂತಿತು. ಆದರೆ ಅವನು ಹೋಗಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕೂತೇಬಿಟ್ಟ.

"ಹೂಳೋಕಲ್ಲ ಮೇಡಂ. ಅರ್ಥ ಮಾಡ್ಕೊಳ್ಳೋಕೆ."

ಇದೇ ಮಾತನ್ನು ಹಿಂದಿನ ಕಂಪನಿಯಲ್ಲಿ ಒಬ್ಬಳು ಹೇಳಿದ್ದಳು. ಹೀಗೆಯೇ ಪಕ್ಕದಲ್ಲಿ ಕೂತು, ನಗುನಗುತ್ತಾ ಕೆಲಸ ಕಲಿತು, ಕೊನೆಗೆ ಇವಳ ಕುರ್ಚಿಯಲ್ಲೇ ಕೂತಿದ್ದಳು. ಇವಳು ಚೀಲ ಹೆಗಲಿಗೇರಿಸಿ ಮನೆಗೆ ಬಂದಿದ್ದಳು.

ಇನ್ನೊಮ್ಮೆ ಹಾಗಾಗಲು ಬಿಡುವುದಿಲ್ಲ... ಎಂದುಕೊಂಡಳು.

ಅದು ಪಾರ್ಸೆಲ್ ಕಂಪನಿ. ಕೆಳಗೆ ಗೋದಾಮು, ಮೇಲೆ ಆಫೀಸು. ಡಬ್ಬಿಗೆ ಅಂಟಿಸುವ ಲೇಬಲ್ಲಿನಲ್ಲಿ ಹೆಸರು ಎಲ್ಲಿ ಮುಗಿಯಬೇಕು, ಬೀದಿಯ ಹೆಸರು ಉದ್ದವಾದರೆ ಎಲ್ಲಿ ಕತ್ತರಿಸಬೇಕು, ಊರಿನ ಹೆಸರಿನ ಹಿಂದೆ ಉಳಿದ ಖಾಲಿ ಜಾಗವನ್ನು ಹೇಗೆ ತೆಗೆಯಬೇಕು, ಎಲ್ಲವೂ ಇವಳ ಪ್ರೋಗ್ರಾಮಿನ ಕೆಲಸ. ಅಕ್ಷರಗಳ ಸಾಲಿಗೆ ಕಂಪ್ಯೂಟರಿನವರು ಸ್ಟ್ರಿಂಗ್ ಎನ್ನುತ್ತಾರೆ. ಆ ಸಾಲುಗಳನ್ನು ಕತ್ತರಿಸಿ ಜೋಡಿಸುವುದರಲ್ಲಿ ಇವಳದು ಪಳಗಿದ ಕೈ. ಹಾಗಾಗಿ ಎಲ್ಲರ ಬಾಯಲ್ಲೂ ಲೇಬಲ್ ಮೇಡಂ.

ಆದರೆ ಇವಳು ಬರೆದದ್ದು ಹಳೆಯ ಕಂಪ್ಯೂಟರ್ ಭಾಷೆಯಲ್ಲಿ. ಹೊಸ ಯಂತ್ರಗಳಲ್ಲಿ ಆ ಭಾಷೆ ನಡೆಯುವುದಿಲ್ಲ. ಇವಳಿಗೆ ಹೊಸ ಭಾಷೆ ಬರುವುದಿಲ್ಲ. ನಡುವೆ ಇವಳ ಪ್ರೋಗ್ರಾಮನ್ನು ಹೊಸ ಭಾಷೆಗೆ ತರಲೆಂದು ಈ ಹೊಸಬ ಬಂದು ಕೂತಿದ್ದ.

ದಿನ ಬೆಳಗಾದರೆ ಪ್ರಶ್ನೆ.

"ನಿಮ್ಮ ಭಾಷೇಲಿ ಅಕ್ಷರ ಎಣಿಸೋದು ಒಂದರಿಂದ ಅಲ್ವಾ?"

"ಮನುಷ್ಯರೆಲ್ಲ ಹಾಗೇ ಎಣಿಸೋದು."

"ಹೊಸದರಲ್ಲಿ ಸೊನ್ನೆಯಿಂದ."

"ಅದಕ್ಕೇ ಅದನ್ನ ಕಂಡ್ರೆ ನನಗಾಗಲ್ಲ."

ಅವನು ಜೋರಾಗಿ ನಕ್ಕ. ಅವಳಿಗೂ ನಗು ಬಂತು. ತಕ್ಷಣ ನುಂಗಿಕೊಂಡಳು. ಕೆಲಸ ಕದಿಯಲು ಬಂದವನ ಜೊತೆ ನಗುವುದೇ? ಇವಳಿಗೆ ಇವಳ ಮೇಲೆಯೇ ಸಿಟ್ಟು ಬಂತು.

ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದವಳು ಅವನ ಬೆನ್ನ ಹಿಂದೆ ಬಂದಳು. ಅವನು ಬೆಚ್ಚಿ ಪರದೆಯನ್ನು ಮುಚ್ಚಿದ. ಅಷ್ಟರಲ್ಲಿ ಅವಳು ನೋಡಿಯಾಗಿತ್ತು.

ಎಡ. ಬಲ. ನಡು.

ಅವು ಅವಳ ಹಳೆಯ ಭಾಷೆಯ ಆಜ್ಞೆಗಳು. ಎಡದಿಂದ ಇಷ್ಟು ಅಕ್ಷರ ಕೊಡು, ಬಲದಿಂದ ಇಷ್ಟು ಕೊಡು, ನಡುವಿನಿಂದ ಇಷ್ಟು ಎತ್ತು. ಹೊಸ ಭಾಷೆಯಲ್ಲಿ ಅವು ಇಲ್ಲವೇ ಇಲ್ಲ. ಇವನು ಕೈಯಾರೆ ಕಟ್ಟುತ್ತಿದ್ದ. ಅದೇ ಹೆಸರು, ಒಂದರಿಂದ ಎಣಿಸುವ ಅದೇ ರೀತಿ, ಅಚ್ಚು ಒತ್ತಿದ ಹಾಗೆ.

"ಏನು ಮುಚ್ಚಿಡ್ತಿದೀರಾ?"

"ಏನಿಲ್ಲ... ಇನ್ನೂ ಮುಗಿದಿಲ್ಲ."

ಅದೇ ಸಂಜೆ ಅವನು ಮ್ಯಾನೇಜರ್ ಕೋಣೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಇವಳು ಬಾಗಿಲು ತಳ್ಳಿದೊಡನೆ ಇಬ್ಬರೂ ಗಪ್‌ಚಿಪ್.

ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅಕ್ಕ ತಂಗಿ ಇಬ್ಬರದೇ ಸಂಸಾರ. ನಡೆಯುತ್ತಿದ್ದದ್ದು ಹೆಚ್ಚಾಗಿ ತಂಗಿಯ ಸಂಬಳದಲ್ಲಿ.

"ನನಗೆ ಬರೋದನ್ನೆಲ್ಲ ಆ ಯಂತ್ರಕ್ಕೆ ತುಂಬ್ತಿದಾನೆ ಅಕ್ಕಾ. ಆಮೇಲೆ ನಾನ್ಯಾಕೆ ಬೇಕು ಅವರಿಗೆ?"

"ನಿನ್ನೆ ಅವನು ಟೀಗೆ ಸಕ್ಕರೆ ಹಾಕ್ಕೊಳ್ಳಲ್ಲ ಅಂದೆ. ಮೊನ್ನೆ ಅವನ ಅಂಗಿ ಗುಂಡಿ ಕಿತ್ತೋಗಿದೆ ಅಂದೆ. ಕಳ್ಳನ್ನ ಇಷ್ಟು ಮುದ್ದಾಗಿ ಯಾರೇ ಕಾಯ್ತಾರೆ?"

"ನಿನಗೆ ಎಲ್ಲಾ ತಮಾಷೆ."

"ನನಗಲ್ಲಮ್ಮ, ನಿನಗೇ ಗೊತ್ತಾಗ್ತಿಲ್ಲ."

ಅವಳು ತಟ್ಟೆ ಸರಿಸಿ ಎದ್ದಳು. ಮುಖ ಬಿಸಿಯಾಗಿತ್ತು. ಸಿಟ್ಟಿಗೆ ಎಂದುಕೊಂಡಳು.

ಮರುದಿನ ಅವನು ಕೇಳಿದ. "ಎಡದಿಂದ ಹತ್ತು ಅಕ್ಷರ ಕೇಳ್ತೀವಿ ಅಂದ್ಕೊಳ್ಳಿ. ಹೆಸರಲ್ಲಿ ಇರೋದೇ ನಾಲ್ಕು. ಆಗ ನಿಮ್ಮ ಭಾಷೆ ಏನು ಮಾಡುತ್ತೆ?"

ಇದ್ದಷ್ಟನ್ನು ಕೊಟ್ಟು ಸುಮ್ಮನೆ ಮುಂದಕ್ಕೆ ಹೋಗುತ್ತದೆ. ಅದು ಅವಳಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು.

"ನಿಂತುಬಿಡುತ್ತೆ," ಎಂದಳು. "ತಪ್ಪು ಅಂತ ಹೇಳಿ ಅಲ್ಲೇ ನಿಂತುಬಿಡುತ್ತೆ."

"ಖಂಡಿತಾನಾ?"

"ನನಗೆ ಗೊತ್ತಿಲ್ಲದೇ ಇರುತ್ತಾ?"

ಅವನು ತಲೆಯಾಡಿಸಿ ಹಾಗೆಯೇ ಬರೆದ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಗೆದ್ದೆ ಎನ್ನಿಸಬೇಕಿತ್ತು... ಅನ್ನಿಸಲಿಲ್ಲ.

ಹೊಸ ಪ್ರೋಗ್ರಾಮಿನ ಪರೀಕ್ಷೆಯ ದಿನ ಬಂತು. ಉದ್ದ ಹೆಸರಿನ ಲೇಬಲ್ಲುಗಳು ಸರಸರನೆ ಬಂದವು. ಮೊದಲ ಗಿಡ್ಡ ಹೆಸರು ಬಂದೊಡನೆ ಯಂತ್ರ ನಿಂತಿತು. ಚಾಲೂ ಮಾಡಿದರು. ಇನ್ನೊಂದು ಗಿಡ್ಡ ಹೆಸರು. ಮತ್ತೆ ನಿಂತಿತು. ಕೆಳಗೆ ಡಬ್ಬಿಗಳು ಬಾಗಿಲಿನವರೆಗೆ ರಾಶಿ ಬಿದ್ದವು.

ಗೋದಾಮಿನ ಮೇಸ್ತ್ರಿ ಏದುಸಿರು ಬಿಡುತ್ತಾ ಮೇಲೆ ಬಂದ. "ಏನ್ರೀ ಇದು, ನಿಮ್ಮ ಯಂತ್ರಕ್ಕೆ ಚಿಕ್ಕ ಹೆಸರಿನೋರು ಅಂದ್ರೆ ಅಷ್ಟು ಸಸಾರನಾ? ಹೊರಗೆ ಲಾರಿ ಕಾಯ್ತಿದೆ."

ಮ್ಯಾನೇಜರ್ ಹೊಸಬನ ಮೇಲೆ ಹಾರಿಬಿದ್ದ. "ಪರೀಕ್ಷೆ ಮಾಡಿದ್ಯೇನಯ್ಯಾ ನೀನು?"

"ಇಲ್ಲ ಸರ್. ಇದೊಂದನ್ನ ಮಾಡಲಿಲ್ಲ. ತಪ್ಪು ನಂದೇ."

ಅವನು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಹೆಸರೆತ್ತಲಿಲ್ಲ.

"ಆವತ್ತೇ ಬಡ್ಕೊಂಡೆ," ಮ್ಯಾನೇಜರ್ ನಿಲ್ಲಿಸಲಿಲ್ಲ. "ಹಳೇದನ್ನೆಲ್ಲ ಬಿಸಾಕು, ಹೊಸ ಭಾಷೆ ಬರೋ ಹುಡುಗರನ್ನ ತಗೊಳ್ಳೋಣ ಅಂತ. ನೀನೇ ಹಠ ಹಿಡಿದೆ. ಹಳೇ ಆಜ್ಞೆಗಳನ್ನೇ ಹೊಸದರಲ್ಲಿ ಕಟ್ಟಿಕೊಡ್ತೀನಿ, ಆ ಮೇಡಮ್ಮೇ ಮುಂದುವರಿಸಲಿ, ಅವರ ಕೆಲಸ ಉಳಿಯುತ್ತೆ ಅಂದೆ. ಇದು ಗೆದ್ದ ಮೇಲೆ ಅವರಿಗೆ ಹೇಳೋಣ ಅಂತ ನಾನೂ ಬಾಯಿ ಮುಚ್ಕೊಂಡೆ. ಈಗ ನೋಡು."

ಅವಳು ಅವನ ಪರದೆಯ ಕಡೆ ತಿರುಗಿ ನೋಡಿದಳು.

ನನಗಾಗಿಯೇ... ಆ ಎಡ, ಬಲ, ನಡು ಎಲ್ಲ ನನಗಾಗಿಯೇ!

ಸುಮ್ಮನಿದ್ದರೆ ಅವನ ಕೆಲಸ ಹೋಗುತ್ತದೆ. ಬಾಯಿ ಬಿಟ್ಟರೆ ತನ್ನದು. ಹೊಲಿಗೆ ಯಂತ್ರದ ಮುಂದೆ ಬಾಗಿದ ಅಕ್ಕನ ಬೆನ್ನು ಕಣ್ಣ ಮುಂದೆ ಬಂತು. ಆದರೂ ಬಾಯಿ ಬಿಟ್ಟಳು.

"ತಪ್ಪು ಅವರದಲ್ಲ ಸರ್. ಅವರು ಕೇಳಿದ್ರು. ನಾನು ಬೇಕಂತಲೇ ಸುಳ್ಳು ಹೇಳಿದೆ."

ಮ್ಯಾನೇಜರ್ ಬೈಯಲು ಬಾಯಿ ತೆರೆಯುವ ಮೊದಲೇ ಅವಳು ಕೈ ಅಡ್ಡ ಹಿಡಿದಳು.

"ಬೈಯೋದನ್ನ ಆಮೇಲೆ ಬೈರಿ. ಮೊದಲು ಲಾರಿ ಹೋಗಲಿ."

ಯಾರ ಅಪ್ಪಣೆಗೂ ಕಾಯದೆ ಅವನ ಯಂತ್ರದ ಮುಂದೆ ಕೂತಳು. ಹೊಸ ಭಾಷೆಯೆಂದರೆ ಹೆದರುತ್ತಿದ್ದವಳಿಗೆ ಆ ಪುಟ ಸಲೀಸಾಗಿ ಓದಲು ಬಂತು. ಅವಳ ಮಾತುಗಳೇ ಅಲ್ಲಿದ್ದವು. ಸಾಲದಿದ್ದರೆ ನಿಲ್ಲು ಎಂದಿದ್ದ ಜಾಗವನ್ನು ಅವನು ಬೆರಳಿಟ್ಟು ತೋರಿಸಿದ. ಅದನ್ನು ಅಳಿಸಿ, ಇದ್ದಷ್ಟನ್ನೇ ಕೊಡು ಎಂದು ಅವಳು ಬರೆದಳು. ಕೆಳಗಿನಿಂದ ಲೇಬಲ್ ಯಂತ್ರದ ಸದ್ದು ಶುರುವಾಯಿತು. ಈ ಸಲ ನಿಲ್ಲಲಿಲ್ಲ.

ಮ್ಯಾನೇಜರ್ ಇಬ್ಬರನ್ನೂ ದುರುಗುಟ್ಟಿ ನೋಡಿ ಅವಳ ಕಡೆ ತಿರುಗಿದ.

"ಇನ್ನು ಮೇಲೆ ಇದು ನಿನ್ನ ಜವಾಬ್ದಾರಿ ಕಣಮ್ಮ. ಇನ್ನೊಂದು ಸುಳ್ಳು ಹೇಳಿದ್ರೆ, ಬಾಗಿಲು ಎಲ್ಲಿದೆ ಅಂತ ಗೊತ್ತಲ್ಲ?"

"ಗೊತ್ತು ಸರ್."

ಸಂಜೆ ಅವನು ಮೆಟ್ಟಿಲ ಹತ್ತಿರದ ನಲ್ಲಿಯಲ್ಲಿ ಲೋಟ ತೊಳೆಯುತ್ತಿದ್ದ. ಅವಳು ಹೋಗಿ ನಿಂತಳು.

"ಕೋಪ ಬಂದಿಲ್ವಾ?"

"ಬಂದಿದೆ. ಇಲ್ಲ ಅಂದ್ರೆ ಅದೂ ಸುಳ್ಳಾಗುತ್ತೆ."

"ಹಳೇ ಯಂತ್ರ ಪಕ್ಕದಲ್ಲೇ ಇತ್ತು. ಒಂದು ಸಲ ಓಡಿಸಿ ನೋಡಬಾರದಿತ್ತಾ?"

ಅವನು ನಲ್ಲಿ ತಿರುಗಿಸಿದ. ನೀರು ನಿಂತಿತು.

"ಯಾರು ಏನೇ ಹೇಳಿದ್ರೂ ಓಡಿಸಿ ನೋಡ್ತೀನಿ. ಅನುಮಾನ ಪಡೋದೇ ನನ್ನ ಹೊಟ್ಟೆಪಾಡು. ಮೊದಮೊದಲು ನಿಮ್ಮದನ್ನೂ ನೋಡ್ತಿದ್ದೆ. ಆಮೇಲಾಮೇಲೆ... ನೀವು ಹೇಳಿದ್ರಲ್ಲ, ಸಾಕು ಅನ್ನಿಸ್ತು."

"ಅದು ತಪ್ಪಲ್ವಾ?"

"ತಪ್ಪೇ. ಇನ್ನೊಂದು ತಪ್ಪೂ ಇದೆ. ನಾನು ಕೇಳಿದ ಅರ್ಧ ಪ್ರಶ್ನೆಗಳಿಗೆ ಉತ್ತರ ನನಗೆ ಗೊತ್ತಿತ್ತು. ನಿಮ್ಮ ಪಕ್ಕ ಕೂರೋಕೆ ಬೇರೆ ನೆಪ ಸಿಗಲಿಲ್ಲ."

ಅವಳ ಕಣ್ಣು ತುಂಬಿತು. ನಗುವೂ ಬಂತು, ಈ ಸಲ ನುಂಗಲಿಲ್ಲ.

"ಕಳ್ಳ. ನಾನು ಅನುಮಾನ ಪಟ್ಟಿದ್ದು ಸರಿಯಾಗೇ ಇತ್ತು."

"ಹೂಂ. ಆದ್ರೆ ಕದಿಯೋಕೆ ಬಂದಿದ್ದು ನಿಮ್ಮ ಕೆಲಸನಲ್ಲ."

"ನಾಳೆ ಏನು ನೆಪ ಇಟ್ಕೊಂಡಿದ್ದೆ?"

"ನಾಳೆಗೆ ನೆಪ ಇಲ್ಲ. ನಿಮ್ಮ ಮನೆಗೆ ಬಂದು ಅಕ್ಕನ ಹತ್ರ ಮಾತಾಡ್ಲಾ ಅಂತ ಕೇಳಬೇಕು ಅಂತಿದ್ದೆ."

ಅವಳು ಅವನ ಕೈಯಿಂದ ಒದ್ದೆ ಲೋಟ ತೆಗೆದುಕೊಂಡು ಕಟ್ಟೆಯ ಮೇಲೆ ಇಟ್ಟಳು.

"ನಾಳೆ ತನಕ ಯಾಕೆ? ಅಕ್ಕ ಈ ಹೊತ್ತಲ್ಲಿ ಮನೇಲೇ ಇರ್ತಾಳೆ. ನಡಿ."