ಡಬ್ಬದ ಮೇಲಿನ ಹಾರ

"ಹೇಗಿದೆ?"

ಅಮರನಾಥ್ ಡಬ್ಬವನ್ನು ಅವಳ ಕೈಗಿಟ್ಟು, ಹುಮ್ಮಸ್ಸಿನಿಂದ ಕೇಳಿದ. ಮೂರು ತಿಂಗಳು ಜರ್ಮನಿಯಲ್ಲಿದ್ದು ಅಂದು ಬೆಳಗ್ಗೆಯಷ್ಟೇ ಬಂದಿದ್ದ.

ಆಶಾರಾಣಿ ನೋಡಿದಳು.

ಡಬ್ಬದ ಮೇಲೆ ಅವಳದೇ ಫೋಟೋ! ಕಂದು ಬಣ್ಣದ ಚೌಕಟ್ಟು. ಆ ಚೌಕಟ್ಟಿನ ಸುತ್ತ ದಪ್ಪನೆಯ ಚೆಂಡುಹೂವಿನ ಹಾರ...

ನಮ್ಮ ಕಡೆ ಫೋಟೋಗೆ ಹಾರ ಹಾಕುವುದು ಯಾರಿಗೆ ಎಂದು ಮಕ್ಕಳಿಗೂ ಗೊತ್ತು.

ಶ್ರೀನಿವಾಸಪುರದ ಆ ಮಾವಿನ ರಸದ ಕಾರ್ಖಾನೆಯಲ್ಲಿ ಹಣ್ಣು ಆರಿಸುವವರ ಮೇಲ್ವಿಚಾರಕಿ ಅವಳು. ಕಂಪನಿಯ ಮಾಲನ್ನು ಹೊರದೇಶಗಳಿಗೆ ಪರಿಚಯಿಸುವ ಕೆಲಸ ಅವನದು. ಮುಳಬಾಗಿಲಿನ ಹುಡುಗ. ಹೋದ ಸುಗ್ಗಿಯಲ್ಲಿ ಬಾದಾಮಿ ಮಾವಿನ ರಾಶಿಯ ಮುಂದೆ ಕೂತಿದ್ದ ಅವಳನ್ನು ಕೇಳಿಯೇ ಫೋಟೋ ತೆಗೆದಿದ್ದ. "ನಿಮ್ಮ ಮುಖ ನೋಡಿದ್ರೆ ಈ ಹಣ್ಣು ಮೋಸ ಮಾಡಲ್ಲ ಅನ್ಸುತ್ತೆ" ಎಂದಿದ್ದ. ಆ ಮಾತನ್ನು ಅವಳು ಎಷ್ಟು ಸಲ ನೆನೆದು ನಕ್ಕಿದ್ದಳೋ! ಇಬ್ಬರಿಗೂ ಇಷ್ಟವಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

"ಚೆನ್ನಾಗಿದೆ ಸಾರ್," ಎಂದಳು. "ಆದ್ರೆ ನನ್ನ ತಿಥಿಗೆ ನನ್ನನ್ನೇ ಕರೀಲಿಲ್ವಲ್ಲ?"

ಅಮರನಾಥನ ಮುಖದಲ್ಲಿ ನಗು ಹಾಗೇ ನಿಂತಿತು. ಅವನು ಡಬ್ಬವನ್ನು ನೋಡಿದ. ಆಗ ಅವನಿಗೂ ಕಂಡಿತು.

ಪಕ್ಕದಲ್ಲಿದ್ದ ಮ್ಯಾನೇಜರ್ ಕೋದಂಡರಾಮಪ್ಪನವರು ನಕ್ಕುಬಿಟ್ಟರು. "ಹಾರ ಅಂದ್ರೆ ಅಲ್ಲಿಯವರಿಗೆ ಹಬ್ಬ ಕಣಮ್ಮ! ನಾಲ್ಕು ಲೇಬಲ್ ತೋರಿಸಿದ್ರೆ ಅಲ್ಲಿನ ಜನ ಇದನ್ನೇ ಆರಿಸಿದ್ದು. ಇಲ್ಲಿಗ್ ಬರೋ ಮಾಲಲ್ಲ ಬಿಡು, ಯಾರ್ ನೋಡ್ತಾರೆ?"

ಅವಳು ಅಮರನಾಥನ ಕಡೆ ತಿರುಗಿದಳು. ಒಂದು ಮಾತು... ಒಂದೇ ಒಂದು ಮಾತು ಆಡಬಾರದೇ?

ಅವನು ಬಾಯಿ ತೆರೆಯಲಿಲ್ಲ.

'ಮಾರಾಟ ಆದ್ರೆ ಸಾಕು ಇವರಿಗೆ. ನಾನು ಇದ್ರೇನು, ಸತ್ರೇನು!'

ಅಂದಿನಿಂದ ಅವಳು ಕೆಲಸಕ್ಕೆ ಹೋಗಲಿಲ್ಲ.

ಮನೆಯಲ್ಲಿ ಅವಳು ಮತ್ತು ಅಜ್ಜಿ ಅಕ್ಕಯಮ್ಮ, ಇಬ್ಬರೇ. ಗೋಡೆಯ ಮೇಲೆ ಅಮ್ಮನ ಫೋಟೋ, ಹಾರ. ಆಶಾರಾಣಿಗೆ ಒಂಬತ್ತು ವರ್ಷವಿದ್ದಾಗ ಹೋದ ಅಮ್ಮ. ಅದೇ ಹಣೆ, ಅದೇ ಮೂಗು. ಆ ಫೋಟೋದ ಪಕ್ಕದಲ್ಲಿ ಒಂದು ಖಾಲಿ ಜಾಗ ಇತ್ತು. ಅದು ಮೊದಲಿನಿಂದಲೂ ಇತ್ತು. ಈಗಷ್ಟೇ ಅವಳ ಕಣ್ಣಿಗೆ ಬಿತ್ತು.

ತಲೆ ಬಾಚಲು ಕನ್ನಡಿ ತೆಗೆದವಳು ಮಗುಚಿಟ್ಟಳು. ಕನ್ನಡಿಯ ಅಂಚಿನಲ್ಲಿ ಏನೋ ಹಳದಿ ಕಂಡ ಹಾಗಾಯಿತು!

ಬೀದಿಯಲ್ಲಿ ಯಾರೋ "ಆಶಾ" ಎಂದು ಕೂಗಿದರು. ಓಗೊಡಲು ಬಾಯಿ ಬರಲಿಲ್ಲ. ಯಾವುದೋ ಚಳಿಯ ಊರಿನ ಅಂಗಡಿಯಲ್ಲಿ ತನ್ನ ಮುಖ ಸಾಲುಸಾಲಾಗಿ, ರೆಪ್ಪೆ ಬಡಿಯದೆ ಕೂತಿರುವುದು ಹಗಲಲ್ಲೇ ಕಣ್ಣಿಗೆ ಕಟ್ಟುತ್ತಿತ್ತು. ಅಲ್ಲಿ ಅಷ್ಟೊಂದು ಸಲ ಸತ್ತವಳು ಇಲ್ಲಿ ಹೇಗೆ ಬದುಕಿರುತ್ತಾಳೆ?

"ಏನ್ ತಲ್ಲೀ, ಊಟ ಮುಟ್ಟಲ್ಲ, ಮಾತಾಡಲ್ಲ... ನಿಮ್ಮಮ್ಮನೂ ಹೋಗೋ ಮುಂಚೆ ಹಿಂಗೇ ಗೋಡೆ ನೋಡ್ಕೊಂಡ್ ಕೂತ್ಕೊಳ್ಳೋಳು ಕಣೇ," ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಶಾರಾಣಿ ಅಂದಿನಿಂದ ಗೋಡೆಗೆ ಬೆನ್ನು ಹಾಕಿ ಕೂರತೊಡಗಿದಳು. ಆದರೂ ಆ ಖಾಲಿ ಜಾಗ ಬೆನ್ನನ್ನು ನೋಡುತ್ತಿತ್ತು.

ಭಾನುವಾರ ಮಧ್ಯಾಹ್ನ ಫೋನ್ ಬಂತು. ಕಾರ್ಖಾನೆಯಲ್ಲಿ ಹಣ್ಣು ಆರಿಸುವ ಶಾಮಲಮ್ಮನದು.

"ಲೇ, ಬೇಗ ಫ್ಯಾಕ್ಟ್ರಿಗೆ ಬಾರೇ. ಆ ಮುಳಬಾಗ್ಲು ಹುಡುಗ ಎರಡು ದಿನದಿಂದ ನೀರಲ್ಲಿ ಕೈ ಇಟ್ಕೊಂಡು ಕೂತವ್ನೆ. ಯಾರನ್ನೂ ಹತ್ರ ಸೇರಿಸ್ತಿಲ್ಲ."

ಹೋಗಬಾರದೆಂದುಕೊಂಡಳು. ಆದರೂ ಹೋದಳು.

ಹಣ್ಣು ತೊಳೆಯುವ ತೊಟ್ಟಿಯ ಪಕ್ಕ ಅಮರನಾಥ್ ಕೂತಿದ್ದ. ಡಬ್ಬಗಳನ್ನು ನೆನೆಸಿ, ಒಂದೊಂದೇ ಲೇಬಲನ್ನು ಹರಿಯದ ಹಾಗೆ ಬಿಡಿಸುತ್ತಿದ್ದ. ಬೆರಳೆಲ್ಲ ಸುಕ್ಕುಗಟ್ಟಿ ಬೆಳ್ಳಗಾಗಿತ್ತು.

"ಏನ್ ಮಾಡ್ತಿದ್ದೀರ?"

ಅವನು ತಲೆ ಎತ್ತಲಿಲ್ಲ. "ಜರ್ಮನಿಗೆ ಹೊರಟಿದ್ದ ಲೋಡ್ ನಿಲ್ಲಿಸ್ದೆ. 'ಈ ಹುಡುಗಿ ಬದುಕಿದ್ದಾಳೆ, ನಮ್ಮ ಮನೆಗಳಲ್ಲಿ ಈ ಚಿತ್ರದ ಅರ್ಥ ಬೇರೆ' ಅಂತ ಅಲ್ಲಿಯವರಿಗೆ ಬರೆದೆ. ಅವರು ಹೆದರಿಬಿಟ್ರು ಆಶಾ. ಕ್ಷಮೆ ಕೇಳಿ, ಹಣ್ಣಿನ ಚಿತ್ರ ಸಾಕು ಅಂದ್ರು."

"ಮತ್ತೆ ಅವತ್ತು ಯಾಕೆ ಸುಮ್ನಿದ್ರಿ?"

"ಏನಂತ ಹೇಳ್ಲಿ? ಒಪ್ಪಿಗೆ ಕೊಟ್ಟಿದ್ದು ನಾನೇ! ಯಾವ ಬಣ್ಣ ಅವರಿಗೆ ಇಷ್ಟ, ಯಾವ ಹೂವು ಇಷ್ಟ... ಮೂರು ತಿಂಗಳು ಅವರ ಕಣ್ಣಲ್ಲೇ ನೋಡಿ ನೋಡಿ ನನ್ನ ಕಣ್ಣು ಎಲ್ಲೋ ಹೋಗಿತ್ತು. ನಿಮ್ಮ ಕೈಯಲ್ಲಿ ಡಬ್ಬ ಇಟ್ಟಾಗ ವಾಪಸ್ ಬಂತು." ಅವನು ತೋಳಿನಿಂದ ಕಣ್ಣೊರೆಸಿಕೊಂಡ. "ಆಮೇಲೆ ಕಣ್ಣು ಮುಚ್ಚಿದ್ರೆ ಸಾಕು, ನೀವು ಇಲ್ಲ ಅನ್ಸುತ್ತೆ. ನಿಜವಾಗ್ಲೂ ಇಲ್ಲ ಅಂತ..."

ಅವಳೊಬ್ಬಳಿಗೇ ಅಲ್ಲ, ಅವನಿಗೂ ಹಾಗೇ ಆಗಿತ್ತು! ಅವಳ ಕೋಪ ಅಲ್ಲೇ ಸಡಿಲವಾಯಿತು.

ಅವನ ಹಿಂದೆ ಒಂದು ಗೋಣಿಚೀಲ. ತುಂಬ ಅವಳ ಮುಖಗಳು.

"ಇದನ್ನೇನ್ ಮಾಡ್ತೀರ?"

"ಗೊತ್ತಿಲ್ಲ. ಸುಡೋಕೆ ಕಡ್ಡಿ ಗೀರ್ದೆ, ಕೈ ಬರ್ಲಿಲ್ಲ. ಕೆರೆಗೆ ಬಿಡೋಣ ಅಂದ್ರೆ ಅದೂ ಬೂದಿ ಬಿಟ್ಟಂಗೇ. ಕಸಕ್ಕಂತೂ ಹಾಕಲ್ಲ."

ಅವಳು ಒಳಗೆ ಹೋಗಿ ಎರಡು ಕತ್ತರಿ ತಂದಳು. ಒಂದು ಲೇಬಲ್ ಎತ್ತಿಕೊಂಡು, ಹಾರವನ್ನು ಚೌಕಟ್ಟಿನ ಸಮೇತ ಸುತ್ತಲೂ ಕತ್ತರಿಸಿ ಬೀಳಿಸಿದಳು. ಮುಖ ಅವಳ ಅಂಗೈಯಲ್ಲಿ ಉಳಿಯಿತು. ಬರೀ ಮುಖ. ಬದುಕಿರುವ ಹುಡುಗಿಯ ಮುಖ.

"ಹಾರ ತಿಪ್ಪೆಗೆ. ಮುಖ ನನಗೆ. ಸುಮ್ನೆ ನೋಡ್ತಾ ಕೂತ್ರೆ ಹೇಗೆ? ಕತ್ತರಿಸ್ರೀ!"

ಎಷ್ಟೋ ದಿನಗಳ ಮೇಲೆ ಅವಳು ಯಾರನ್ನೋ ಗದರಿದ್ದಳು. ಅವನು ಅಳುತ್ತಲೇ ನಕ್ಕ. ಇಬ್ಬರೂ ಕತ್ತರಿಸುತ್ತಾ ಕೂತರು. ಹೊತ್ತು ಇಳಿಯಿತು.

"ಆಶಾ... ನೀವಂದ್ರೆ ನಂಗೆ ಪ್ರಾಣ. ಹೇಳೋಕೆ ಇಷ್ಟೆಲ್ಲ ಆಗ್ಬೇಕಾಯ್ತು."

ಅವಳ ಕತ್ತರಿ ನಿಂತಿತು.

"ಮನೇಲಿ ಅಮ್ಮಂಗೆ ಹೇಳಿದ್ದೀನಿ," ಎಂದ ಅವನು ಮೆಲ್ಲಗೆ. "ಹುಡುಗಿ ಫೋಟೋ ತಗೊಂಡ್ ಬಾ ಅಂದ್ರು. ಇದ್ರಲ್ಲಿ ಒಂದು... ತಗೊಳ್ಳಾ?"

ಅವನ ಕೈಯಲ್ಲಿದ್ದ ಫೋಟೋವನ್ನು ಆಶಾರಾಣಿ ಕಿತ್ತುಕೊಂಡಳು. ಆ ತಣ್ಣನೆಯ, ಸುಕ್ಕುಗಟ್ಟಿದ ಬೆರಳುಗಳನ್ನು ತನ್ನ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದಳು.

"ಫೋಟೋ ಬೇಡ," ಎಂದಳು. "ನಾನೇ ಬರ್ತೀನಿ."