ಹನ್ನೊಂದನೇ ಪಾಠದ ಹುಡುಗಿ

"ನಮಸ್ಕಾರ. ನಾನು ನಿಮ್ಮೊಡನೆ ಮಾತನಾಡಬಹುದೇ?"

ಬೆನ್ನ ಹಿಂದಿನಿಂದ ಬಂದ ಆ ಇಂಗ್ಲಿಷ್ ಮಾತಿಗೆ ಪೇಲಾನ್ ಬೆಚ್ಚಿದಳು. ತಿರುಗಿ ನೋಡಿದಳು. ಮೊಣಕೈ ಸವೆದ ನೀಲಿ ಅಂಗಿ, ದಟ್ಟ ಹುಬ್ಬು, ಬೆರಳ ಸಂದಿಯಲ್ಲಿ ಒಣಗಿದ ಅಂಟು. ಅವನ ಕಣ್ಣುಗಳು ಅವಳಿಗಿಂತ ಹೆಚ್ಚು ಹೆದರಿದ್ದವು.

ಅದು ಎಂಬತ್ತಮೂರನೇ ಇಸವಿಯ ವಸಂತ. ಶಾಂಘೈಯ ಜನತಾ ಉದ್ಯಾನದ ಆ ಮೂಲೆಯಲ್ಲಿ ಭಾನುವಾರ ಬೆಳಗಾದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಗುಮಾಸ್ತರು, ವಿದ್ಯಾರ್ಥಿಗಳು, ಕೆಲಸ ಬಿಟ್ಟ ಮುದುಕರು, ಎಲ್ಲರೂ ಗುರುತಿಲ್ಲದವರನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ತಮ್ಮ ಪರಿಚಯ ಹೇಳಿಕೊಳ್ಳುವವರೇ. ಅಲ್ಲಿ ಮನೆಮಾತು ಆಡುವ ಹಾಗಿಲ್ಲ. ಹೆತ್ತವರು ಇಟ್ಟ ಹೆಸರನ್ನೂ ಗೇಟಿನ ಆಚೆಗೇ ಬಿಟ್ಟು ಬರಬೇಕು.

ಪೇಲಾನ್‌ಗೆ ಅದು ಮೊದಲ ಭಾನುವಾರ. ಬಂದಾಗಿನಿಂದ ಒಂದೇ ಮರಕ್ಕೆ ಅಂಟಿಕೊಂಡು ನಿಂತಿದ್ದಳು.

"ನನ್ನ ಹೆಸರು ಸೈಮನ್," ಎಂದ ಅವನು. "ನೀವು ಯಾರು? ಏನು ಕೆಲಸ ಮಾಡುತ್ತೀರಿ?"

ಪೇಲಾನ್ ಕಣ್ಣು ಮುಚ್ಚಿದಳು. ಬಾಯಿಪಾಠ ತಾನಾಗಿ ಹರಿಯಿತು.

"ನನ್ನ ಹೆಸರು ಡೋರಾ. ನಾನು ಶಾಲೆಯಲ್ಲಿ ಅಧ್ಯಾಪಕಿ. ನನಗೆ ಒಬ್ಬ ತಮ್ಮನಿದ್ದಾನೆ. ನಮ್ಮ ಮನೆಯು ನದಿಯ ಸಮೀಪದಲ್ಲಿದೆ. ಬಿಡುವಿನ ವೇಳೆಯಲ್ಲಿ ನಾನು ಪುಸ್ತಕಗಳನ್ನು ಓದುತ್ತೇನೆ."

ಇದರಲ್ಲಿ ಒಂದು ಮಾತೂ ಅವಳದಲ್ಲ. ಎಲ್ಲವೂ ಸಂಜೆ ತರಗತಿಯ ಪುಸ್ತಕದ ಹನ್ನೊಂದನೇ ಪಾಠ. ಅವಳು ಟವೆಲ್ ಗಿರಣಿಯಲ್ಲಿ ನೂಲು ಸುತ್ತುವವಳು. ತಮ್ಮನಿಲ್ಲ. ಮನೆಯಲ್ಲಿ ಇದ್ದದ್ದು ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ತಾಯಿ ಒಬ್ಬಳೇ. ನೂಲು ಸುತ್ತುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಯಾವ ಪಾಠದಲ್ಲೂ ಬಂದಿರಲಿಲ್ಲ. ತರಗತಿಯ ಲೂ ಮೇಷ್ಟ್ರು ಬೇರೆ ಹೇಳಿ ಕಳಿಸಿದ್ದರು, "ನಿಜಾನೇ ಹೇಳ್ಬೇಕು ಅಂತ ಯಾರೂ ಕೇಳಲ್ಲ. ಬಾಯಿ ಬಿಟ್ರೆ ಸಾಕು. ಪಾಠದಲ್ಲಿರೋದನ್ನ ಒಪ್ಪಿಸಿ ಬನ್ನಿ."

ಸೈಮನ್ ಅವಳನ್ನೇ ನೋಡುತ್ತಿದ್ದ. ತುಟಿಯ ತುದಿಯಲ್ಲಿ ಒಂದು ಸಣ್ಣ ನಗು ಮೂಡಿ ಮರೆಯಾಯಿತು.

"ನಾನು ಗಲ್ಲಿಯ ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಅಂಟಿಸುತ್ತೇನೆ," ಎಂದು ನಿಧಾನವಾಗಿ, ಪದ ಪದ ಹುಡುಕಿ ಜೋಡಿಸಿದ. "ಹುಡುಗನಾಗಿದ್ದಾಗ ಸರ್ಕಾರವು ನನ್ನನ್ನು ಉತ್ತರದ ಹೊಲಗಳಲ್ಲಿ ದುಡಿಯಲು ಕಳುಹಿಸಿತು. ಅಲ್ಲಿ ಚಳಿ ಬಹಳ. ತಡವಾಗಿ ಮರಳಿ ಬಂದೆ. ನನಗೆ ಗೆಳೆಯರಿಲ್ಲ."

ಪೇಲಾನ್‌ಳ ಕಿವಿ ಬಿಸಿಯಾಯಿತು. ಇದು ಪಾಠವಲ್ಲ, ಇವನದೇ ಮಾತು. ಈಗಲೇ ನಿಜ ಹೇಳಿಬಿಡಲೇ?

ಹೇಳುವುದಾದರೂ ಹೇಗೆ? ಇಂಗ್ಲಿಷ್ ಬಾರದು, ಮನೆಮಾತು ಆಡಬಾರದು. ಆ ಮೂಲೆಯ ಹಿರಿಯ ಚೌ ತಾತ, ಟ್ರಾಮಿನಲ್ಲಿ ಕಂಡಕ್ಟರಾಗಿದ್ದವರು, ಅದೇ ಹೊತ್ತಿಗೆ ಕೋಲು ಕುಟ್ಟುತ್ತ ಅತ್ತ ಬಂದರು. "ಇಂಗ್ಲಿಷ್, ಇಂಗ್ಲಿಷ್," ಎಂದು ಸುಮ್ಮನೆ ನಿಂತವರನ್ನೆಲ್ಲ ಗದರಿಸಿಕೊಂಡು ಹೋದರು. ನಿಜ ಗಂಟಲಲ್ಲೇ ಉಳಿಯಿತು.

ಮುಂದಿನ ಭಾನುವಾರ ಅವನೇ ಹುಡುಕಿಕೊಂಡು ಬಂದ. ಅದರ ಮುಂದಿನ ಭಾನುವಾರವೂ.

ಇಬ್ಬರಿಗೂ ಇದ್ದ ಮಾತು ಸ್ವಲ್ಪ. ಆದರೂ ಅಷ್ಟರಲ್ಲೇ ಆಕಾಶ, ಗಾಳಿ, ಅವನು ಕಾಗದದಲ್ಲಿ ಸುತ್ತಿ ತರುತ್ತಿದ್ದ ಈರುಳ್ಳಿ ರೊಟ್ಟಿ, ಎಲ್ಲವೂ ಹಿಡಿಯುತ್ತಿದ್ದವು. ಉತ್ತರದ ಹೊಲಗಳಲ್ಲಿ ಬೆರಳು ಮರಗಟ್ಟಿದಾಗ ಹೇಗೆ ಎತ್ತಿನ ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದೆವೆಂದು ಅವನು ಕೈ ಆಡಿಸಿ ತೋರಿಸುತ್ತಿದ್ದ. ಅವಳು ನಗುತ್ತಿದ್ದಳು. ನಕ್ಕು ಮನೆಗೆ ಹೋಗಿ, ತಾಯಿಗೆ ಗಂಜಿ ಕುಡಿಸುವಾಗ ಒಳಗೊಳಗೇ ಅಳುತ್ತಿದ್ದಳು.

ಒಂದು ವಿಚಿತ್ರವಿತ್ತು. ಯಾವ ಮಾತಿನಿಂದ ಶುರುವಾದರೂ ಬೀಳ್ಕೊಡುವ ಮೊದಲು ಅವನು ಅದನ್ನೇ ಕೇಳುತ್ತಿದ್ದ.

"ಡೋರಾ, ನೀವು ಏನು ಕೆಲಸ ಮಾಡುತ್ತೀರಿ?"

ಪಾಪ, ಇವನ ಹತ್ತಿರ ಪ್ರಶ್ನೆಗಳೇ ಇಲ್ಲ ಎಂದುಕೊಳ್ಳುತ್ತಿದ್ದಳು. ನೂಲಿನಿಂದ ಕೊಯ್ದುಹೋದ ಬೆರಳುಗಳನ್ನು ಜೇಬಿನೊಳಗೆ ತಳ್ಳಿ, "ನಾನು ಶಾಲೆಯಲ್ಲಿ ಅಧ್ಯಾಪಕಿ," ಎನ್ನುತ್ತಿದ್ದಳು.

ಅವನು ತಲೆಯಾಡಿಸುತ್ತಿದ್ದ. ಏನಕ್ಕೋ ಕಾದು, ಅದು ಬರಲಿಲ್ಲವೆಂಬಂತೆ.

ಗಿರಣಿಯಲ್ಲಿ ಪಕ್ಕದ ಯಂತ್ರದ ಗು ಅಕ್ಕನ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ. ಪೇಲಾನ್‌ಳನ್ನು ಅವಳು ಮನೆತನದ ಹೆಸರು ಹಿಡಿದೇ ಕರೆಯುವವಳು.

"ಏನೇ ಚಿಕ್ಕ ಶೆನ್, ಇಂಗ್ಲಿಷ್ ಕಲ್ತು ಟವೆಲ್ ಜೊತೆ ಮಾತಾಡ್ತೀಯಾ?"

"ಹೂಂ ಅಕ್ಕ. ನಿಮ್ಮ ಹಾಗೆ ಬೈಯಲ್ವಲ್ಲ ಅವು."

"ಬಾಯಿ ನೋಡು. ಮುಖದ ಮೇಲೆ ಬರ್ದಿದೆ ಕಣೆ. ಯಾರವನು? ಮನೆ ಎಲ್ಲಿ? ಹೆಸ್ರೇನು?"

"ಸೈಮನ್."

"ಅದು ಹೆಸ್ರೇನೇ? ಅವರಮ್ಮ ಊಟಕ್ಕೆ ಕರೆಯೋವಾಗ ಏನಂತ ಕರೀತಾಳೆ?"

ಪೇಲಾನ್‌ಳ ಕೈಯಲ್ಲಿದ್ದ ಎಳೆ ತುಂಡಾಯಿತು. ಗೊತ್ತಿರಲಿಲ್ಲ.

"ನಿನ್ನ ಬಗ್ಗೆ ಏನು ಹೇಳಿದೀಯ?"

"ಟೀಚರ್ ಅಂತ."

ಗು ಅಕ್ಕ ತುಂಡಾದ ಎಳೆಗೆ ತಾನೇ ಗಂಟು ಹಾಕಿ ಕೊಟ್ಟಳು. ಆಮೇಲೆ, "ಬೇಗ ಹೇಳ್ಬಿಡೇ," ಎಂದಳು. "ಇಂಥದ್ದು ಇಟ್ಕೊಂಡಷ್ಟೂ ಬಾಯಿಗೆ ಬರಲ್ಲ."

ಬರಲಿಲ್ಲ. ಅಂಟು ಹಚ್ಚುವ ಕೆಲಸವನ್ನು ತಲೆಯೆತ್ತಿ ಹೇಳಿಕೊಂಡವನ ಮುಂದೆ, ನಾನು ನೂಲಿನ ಕೆಲಸಕ್ಕೆ ನಾಚಿ ಸುಳ್ಳು ಹೇಳಿದೆ ಎನ್ನುವುದು ಹೇಗೆ? ಸುಳ್ಳಿಗಿಂತ ಆ ನಾಚಿಕೆಯೇ ಅವನಿಗೆ ನೋವು ಕೊಟ್ಟೀತು. ನಾಳೆ ಹೇಳೋಣ, ಬರುವ ಭಾನುವಾರ ಹೇಳೋಣ... ಹೀಗೇ ಬೇಸಿಗೆ ಕಳೆಯಿತು. ಮರದ ಎಲೆಗಳು ಕಂದು ಬಣ್ಣಕ್ಕೆ ತಿರುಗಿದವು.

ಅಂಥ ಒಂದು ಭಾನುವಾರ ಅವನು ರೊಟ್ಟಿ ತಂದಿರಲಿಲ್ಲ. ಮುಖ ಸಣ್ಣದಾಗಿತ್ತು.

"ಡೋರಾ," ಎಂದ. "ನಾನು ನಿಮ್ಮನ್ನು ಒಂದು ಪ್ರಶ್ನೆ ಕೇಳಲೇ? ನಿಮ್ಮ ಗೆಳೆಯನೊಬ್ಬನು ಬಹಳ ದೂರದ ಊರಿಗೆ ಹೋಗುವನು. ಮತ್ತೆ ಇಲ್ಲಿಗೆ ಬಂದು ನೆಲೆಸಲಾರನು. ಆಗ ನೀವು ಅವನಿಗೆ ಏನು ಹೇಳುವಿರಿ?"

ಪೇಲಾನ್‌ಳ ಮುಖ ಅರಳಿತು. ಅಂತೂ ಹೊಸ ಪ್ರಶ್ನೆ! ಅದೂ ಮೊನ್ನೆಯಷ್ಟೇ ಲೂ ಮೇಷ್ಟ್ರು ಎಲ್ಲರಿಂದ ಒಪ್ಪಿಸಿಕೊಂಡ ಬೀಳ್ಕೊಡುಗೆಯ ಪಾಠ.

ಬೆನ್ನು ನೆಟ್ಟಗೆ ಮಾಡಿ, ಒಂದೂ ತಡವರಿಸದೆ ಹೇಳಿದಳು. "ನಿಮ್ಮ ಪ್ರಯಾಣವು ಸುಖಕರವಾಗಿರಲಿ. ನಿಮ್ಮ ಹೊಸ ಜೀವನಕ್ಕೆ ನನ್ನ ಶುಭಾಶಯಗಳು. ದಯವಿಟ್ಟು ಪತ್ರ ಬರೆಯಿರಿ."

ಅವನು ಸ್ವಲ್ಪ ಹೊತ್ತು ಕಾದ. ಅವಳು ಮೆಚ್ಚುಗೆಗಾಗಿ ಕಾದಳು.

"ಬಹಳ ಚೆನ್ನಾಗಿದೆ," ಎಂದ ಕೊನೆಗೆ. "ನೀವು ಬಹಳ ಚೆನ್ನಾಗಿ ಮಾತನಾಡುತ್ತೀರಿ."

ಅಂದು ಮನೆಗೆ ಹೋಗುವಾಗ ಪೇಲಾನ್‌ಳ ಕಾಲು ನೆಲದ ಮೇಲಿರಲಿಲ್ಲ. ಅವನು ಹೊಗಳಿದ್ದ. ಬಸ್ಸಿನಲ್ಲಿ ಕಿಟಕಿಯ ಗಾಜಿಗೆ ಅದೇ ಮೂರು ವಾಕ್ಯಗಳನ್ನು ಮತ್ತೆ ಮತ್ತೆ ಪಿಸುಗುಟ್ಟಿದಳು.

ಮುಂದಿನ ಭಾನುವಾರ ಗಿರಣಿಯವರು ಹೆಚ್ಚುವರಿ ಪಾಳಿಗೆ ಹಾಕಿದರು. ಅದರಾಚೆಯ ಭಾನುವಾರ ಉದ್ಯಾನಕ್ಕೆ ಬಂದಾಗ ಸೈಮನ್ ಇರಲಿಲ್ಲ. ಮರದಿಂದ ಮರಕ್ಕೆ ಹುಡುಕಿದಳು. ಕೊನೆಗೆ ಚೌ ತಾತ ಎದುರು ಬಂದು ನಿಂತರು. ಲೊಚಗುಟ್ಟಿದರು. ಆಮೇಲೆ ತಾವೇ ಕಾಯ್ದುಕೊಂಡು ಬಂದ ಕಟ್ಟಳೆ ಮುರಿದು ಮನೆಮಾತಿನಲ್ಲೇ ಹೇಳಿದರು.

"ಮಗಳೇ, ಹೋದ ವಾರ ಯಾಕಮ್ಮ ಬರಲಿಲ್ಲ? ಆ ಹುಡುಗ ಬಾಗಿಲು ಹಾಕೋವರೆಗೂ ನಿಂತಿದ್ದ."

"ಯಾಕೆ ತಾತ? ಏನಾಯ್ತು?"

"ಗಾನ್ಸು ಕಡೆ ಮರಳುಗಾಡಲ್ಲಿ ಎಣ್ಣೆಬಾವಿ ಊರಿದೆಯಂತೆ, ಅಲ್ಲಿ ಸ್ಕೂಲಲ್ಲಿ ಇಂಗ್ಲಿಷ್ ಹೇಳ್ಕೊಡೋ ಕೆಲ್ಸ. ರುಜು ಹಾಕ್ಬಿಟ್ಟಿದ್ದಾನೆ. ಶಾಂಘೈ ನಿವಾಸಿಗಳ ದಾಖಲೆಯಿಂದ ಹೆಸರು ತೆಗೆಸಿ ಆಗಿದೆ, ಅದಿಲ್ದೆ ಈ ಊರಲ್ಲಿ ಇರೋ ಹಾಗಿಲ್ಲ. ಒಂದ್ಸಲ ತೆಗೆಸಿದ್ರೆ ಮತ್ತೆ ಹತ್ತಿಸ್ಕೊಳ್ಳೋದು ಎಷ್ಟು ಕಷ್ಟ ಅಂತ, ಉತ್ತರದ ಹೊಲದಿಂದ ವಾಪಸ್ ಬರೋಕೆ ಪಾಡು ಪಟ್ಟ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನ್ನ ವಿಳಾಸ ಕೇಳ್ಕೊಂಡು ಇಲ್ಲಿರೋರನ್ನೆಲ್ಲ ಸುತ್ತಿದ. ಡೋರಾ ಅಂದ್ರೆ ಈ ಊರಲ್ಲಿ ಯಾರನ್ನ ಅಂತ ಹುಡುಕೋಣ ನಾವು?"

ದೂರದ ಊರು. ಮತ್ತೆ ಬಂದು ನೆಲೆಸಲಾರನು.

ಅದು ಪಾಠದ ಪ್ರಶ್ನೆಯಾಗಿರಲಿಲ್ಲ.

"ಯಾವಾಗ ತಾತ? ಯಾವಾಗ ಹೋಗೋದು?"

"ಇವತ್ತೇ ಕಣಮ್ಮ. ಮಧ್ಯಾಹ್ನದ ರೈಲು. ಓಡು."

ಉತ್ತರ ನಿಲ್ದಾಣದ ಪ್ಲಾಟ್‌ಫಾರಮ್ಮಿನಲ್ಲಿ ಹಾಸಿಗೆ ಸುರುಳಿಗಳು, ಅಲ್ಯೂಮಿನಿಯಂ ಬೇಸಿನ್‌ಗಳು, ಅಳುವ ತಾಯಂದಿರು. ಹೆಸರು ಹಿಡಿದು ಕೂಗೋಣವೆಂದರೆ ಹೆಸರಿಲ್ಲ. "ಸೈಮನ್" ಎಂದು ಕೂಗಿದಳು. ಜನ ತಿರುಗಿ ನೋಡಿದರು. ಮತ್ತೂ ಕೂಗಿದಳು. ಕೊನೆಯ ಬೋಗಿಯ ಹತ್ತಿರ ನೀಲಿ ಅಂಗಿಯೊಂದು ತಿರುಗಿತು.

ಅವನೆದುರು ಹೋಗಿ ನಿಂತಾಗ ಉಸಿರಿರಲಿಲ್ಲ. ಇಂಗ್ಲಿಷ್ ಎಲ್ಲಿ ಹೋಯಿತೋ. ಬಾಯಿಗೆ ಬಂದದ್ದು ಗಲ್ಲಿಯ ಜನ ಒಬ್ಬರನ್ನೊಬ್ಬರು ಕಂಡಾಗ ಕೇಳುವ ಮಾತು.

"ಊಟ ಆಯ್ತಾ?"

ಅವನು ಕೈಚೀಲ ಕೆಳಗಿಟ್ಟ. "ಇಲ್ಲ. ನಿಂದು?"

ಮೊದಲ ಸಲ ಅವಳಿಗೆ ಅವನ ನಿಜವಾದ ದನಿ ಕೇಳಿಸಿತು. ಇಂಗ್ಲಿಷಿನ ದನಿಗಿಂತ ಇದು ಮೆತ್ತಗಿತ್ತು, ಸ್ವಲ್ಪ ಒರಟೂ ಇತ್ತು.

"ನನ್ನ ಹೆಸರು ಡೋರಾ ಅಲ್ಲ," ಎಂದಳು.

"ಗೊತ್ತು. ನಂದೂ ಸೈಮನ್ ಅಲ್ಲ."

"ತಮಾಷೆ ಬೇಡ. ನಾನು ಶೆನ್ ಪೇಲಾನ್. ಟೀಚರ್ ಅಲ್ಲ ನಾನು. ಟವೆಲ್ ಗಿರಣೀಲಿ ನೂಲು ಸುತ್ತೋಳು. ನನಗೆ ತಮ್ಮ ಇಲ್ಲ. ನದಿ ಹತ್ರ ಮನೆ ಇಲ್ಲ. ಅಮ್ಮನಿಗೆ ಕೈಕಾಲು ಬಿದ್ದುಹೋಗಿದೆ. ನಾನು ಒಂದು ಪುಸ್ತಕಾನೂ ಪೂರ್ತಿ ಓದಿಲ್ಲ..."

"ಗೊತ್ತು ಪೇಲಾನ್."

"ಏನು ಗೊತ್ತು?"

"ಹನ್ನೊಂದನೇ ಪಾಠ. ನಾನೂ ಅದನ್ನೇ ಬಾಯಿಪಾಠ ಮಾಡಿದ್ದೆ. ಇಡೀ ಶಾಂಘೈಗೆ ಇರೋದು ಅದೊಂದೇ ಪುಸ್ತಕ ಅಲ್ವಾ?"

"ಮೊದಲ ದಿನಾನೇ? ಮತ್ತೆ ಯಾಕೆ ಹೇಳಲಿಲ್ಲ?"

"ಕೇಳ್ತಾ ಇದ್ನಲ್ಲ. ಹೋಗೋವಾಗೆಲ್ಲ ಕೇಳ್ತಾ ಇದ್ದೆ, ಏನು ಕೆಲ್ಸ ಮಾಡ್ತೀಯ ಅಂತ. ಇವತ್ತು ನಿಂದೇ ಹೇಳ್ತೀಯೇನೋ, ಇವತ್ತು ಹೇಳ್ತೀಯೇನೋ ಅಂತ. ನೀನು ಪಾಠ ಒಪ್ಪಿಸ್ತಾನೇ ಇದ್ದೆ." ಅವನು ತನ್ನ ಅಂಟಿನ ಬೆರಳುಗಳನ್ನು ನೋಡಿಕೊಂಡ. "ಪೆಟ್ಟಿಗೆ ಅಂಟಿಸೋನಿಗೆ ಇಷ್ಟು ಗೊತ್ತಾದ್ರೆ ಸಾಕು ಅನ್ನಿಸಿರ್ಬೇಕು ಇವಳಿಗೆ ಅಂದ್ಕೊಂಡೆ."

"ಅಯ್ಯೋ... ಅಲ್ಲ. ಅಲ್ಲ ಅಲ್ಲ."

"ಕೊನೆಗೆ ಗೆಳೆಯ ದೂರ ಹೋಗ್ತಾನೆ ಅಂತ ಕೇಳ್ದೆ. ನೀನು ಬೇಡ ಅಂದಿದ್ರೆ ರುಜು ಹಾಕ್ತಿರ್ಲಿಲ್ಲ. ಸುಖ ಪ್ರಯಾಣ ಅಂದೆ. ಅಷ್ಟು ಚೆನ್ನಾಗಿ ಅಂದೆ, ಒಂದೂ ತಪ್ಪಿಲ್ದೆ. ಮಾರನೇ ದಿನ ಹೋಗಿ ರುಜು ಹಾಕ್ದೆ."

ಅವಳು ಜೇಬಿನಿಂದ ಕೈ ತೆಗೆದು ಅವನ ತೋಳು ಹಿಡಿದುಕೊಂಡಳು. ಕೊಯ್ದ ಬೆರಳುಗಳನ್ನು ಅವನು ತನ್ನ ಅಂಗೈಯಲ್ಲಿ ಬಿಡಿಸಿ, ಒಂದೊಂದನ್ನೇ ಮುಟ್ಟಿ ನೋಡಿದ.

"ನೋಯುತ್ತಾ?"

"ಇಲ್ಲ. ಅಭ್ಯಾಸ ಆಗಿದೆ. ಈಗ... ಏನೂ ಮಾಡಕ್ಕಾಗಲ್ವಾ?"

"ಹೆಸರು ತೆಗೆಸಿ ಆಯ್ತು. ಅಲ್ಲಿ ಮಕ್ಕಳು ಕಾಯ್ತಿದ್ದಾರಂತೆ. ಹೊಸ ವರ್ಷಕ್ಕೆ ರಜೆ ಕೊಡ್ತಾರೆ, ಬರ್ತೀನಿ. ನೀನು ಬಾ ಅಂತ ಹೇಗೆ ಹೇಳ್ಲಿ? ಅಮ್ಮ ಇದ್ದಾರೆ."

"ಅಮ್ಮನ್ನ ಬಿಟ್ಟು ಬರಕ್ಕಾಗಲ್ಲ."

"ಬಿಟ್ಟು ಬಂದ್ರೆ ನಾನು ಮಾತಾಡಿಸಲ್ಲ."

ಇಬ್ಬರೂ ನಗಲು ಹೋದರು. ಆಗಲಿಲ್ಲ. ರೈಲು ಸೀಟಿ ಹಾಕಿತು. ಅವನು ಮೆಟ್ಟಿಲಿಗೆ ಒಂದು ಕಾಲಿಟ್ಟು ಬಗ್ಗಿದ.

"ಫಾಂಗ್ ಮಿನ್‌ದಾ. ನನ್ನ ಹೆಸರು. ನಮ್ಮಮ್ಮ ಇದ್ದಾಗ ದಾದಾ ಅಂತಿದ್ಲು."

"ದಾದಾ," ಎಂದಳು.

ಅವನು ಕಣ್ಣು ಮುಚ್ಚಿದ. ಬೋಗಿ ಒಮ್ಮೆ ಅಲುಗಿತು, ಗಾಲಿಗಳು ಮೆಲ್ಲಗೆ ಉರುಳಿದವು. ಪೇಲಾನ್ ಅವನ ಪಕ್ಕದಲ್ಲೇ ನಡೆದಳು, ಆಮೇಲೆ ಓಡಿದಳು. ಅಳುವಿನ ನಡುವೆ, ಯಾವ ಮೇಷ್ಟ್ರೂ ಕಲಿಸದ ಆ ಒಂದು ಮಾತು ಅವಳ ಬಾಯಿಂದ ಕೊನೆಗೂ ಹೊರಬಿತ್ತು.

"ಹೋಗ್ಬೇಡ."

"ಇನ್ನೊಂದ್ಸಲ ಹೇಳು."

"ಹೋಗ್ಬೇಡ ದಾದಾ."

"ಆಯ್ತು," ಎಂದ ಅವನು, ಬಾಗಿಲಿನಿಂದ ಕೈ ಚಾಚಿಕೊಂಡೇ, ರೈಲು ಅವನನ್ನು ಹೊತ್ತು ದೂರವಾಗುತ್ತಿದ್ದಂತೆ. "ಆಯ್ತು ಕಣೆ, ಹೋಗಲ್ಲ."